ನಲವತ್ತೆರಡು ಜೊತೆ ಚಪ್ಪಲಿ

ಶಾಲಾ ಪ್ರವಾಸಕ್ಕೆ ಹೋಗುವ ಮೇಷ್ಟ್ರಿಗೆ ಇತಿಹಾಸ ಗೊತ್ತಿರಬೇಕಾಗಿಲ್ಲ, ತಲೆ ಎಣಿಸಲು ಬಂದರೆ ಸಾಕು. ಬಸ್ಸು ಹತ್ತಿಸಿದಾಗ ಎಣಿಸಬೇಕು, ಇಳಿಸಿದಾಗ ಎಣಿಸಬೇಕು, ಊಟಕ್ಕೆ ಕೂರಿಸಿದಾಗ ಎಣಿಸಬೇಕು. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಹರಿಹರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿ ನಾನು ಕಲಿತದ್ದು ಇಷ್ಟೇ. ಇನ್ನೊಂದು ಕೆಲಸವೂ ಇದೆ. ಇಲಾಖೆಯ ಯಾವ ಸುತ್ತೋಲೆಯಲ್ಲೂ ಅದನ್ನು ಬರೆದಿರುವುದಿಲ್ಲ. ಅದು ಚಪ್ಪಲಿ ಕಾಯುವ ಕೆಲಸ.

ಅರಮನೆಯಿರಲಿ, ದೇವಸ್ಥಾನವಿರಲಿ, ದರ್ಗಾ ಇರಲಿ, ಎಲ್ಲಿ ಹೋದರೂ ಚಪ್ಪಲಿ ಹೊರಗೇ ಬಿಡಬೇಕು. ಒಂದು ವರ್ಷದ ಪ್ರವಾಸದಲ್ಲಿ ಒಂಬತ್ತು ಜೊತೆ ಚಪ್ಪಲಿ ಹೋದವು. ಒಂಬತ್ತು ಮಕ್ಕಳು ಕಾದ ಟಾರು ರಸ್ತೆಯಲ್ಲಿ ಕುಣಿಯುತ್ತ ನಡೆದರು. ಊರಿಗೆ ಬಂದ ಮೇಲೆ ತಂದೆತಾಯಿಗಳು ನನ್ನನ್ನು ಸ್ಟಾಫ್ ರೂಮಿಗೇ ಬಂದು ತರಾಟೆಗೆ ತೆಗೆದುಕೊಂಡರು. ಆಮೇಲೆ ನಾನೊಂದು ನಿಯಮ ಮಾಡಿದೆ: ಎಲ್ಲರೂ ಒಳಗೆ ಹೋದಾಗ ಒಬ್ಬರು ಹೊರಗೆ ಕೂತು ಚಪ್ಪಲಿ ಕಾಯಬೇಕು. ಆ ನಿಯಮದ ಬಗ್ಗೆ ನನಗೆ ಎಂಥ ಹೆಮ್ಮೆ ಅಂದರೆ, ಬೇರೆ ಶಾಲೆಯ ಮೇಷ್ಟ್ರುಗಳಿಗೂ ಕರೆದು ಕರೆದು ಹೇಳುತ್ತಿದ್ದೆ. ನನಗೆ ಮಾತು ಜಾಸ್ತಿ. ಅದರಿಂದ ಏನಾಯಿತು ಅನ್ನುವುದನ್ನೇ ಈಗ ಹೇಳಲು ಹೊರಟಿರುವುದು.

ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿಯ ಡಿಸೆಂಬರ್. ಒಂಬತ್ತನೇ ತರಗತಿಯ ನಲವತ್ತು ಮಕ್ಕಳನ್ನು ಶ್ರೀರಂಗಪಟ್ಟಣ, ಮೈಸೂರು ಸುತ್ತಿಸಿಕೊಂಡು ಬರುವುದೆಂದು ಗೊತ್ತಾಯಿತು. ಹಳೇ ಮನೆಗಳು, ಅರಮನೆಗಳು, ಅರಸರ ತೋಟಗಳು. ಕೊನೆಗೆ ಸಂಜೆ ಬೃಂದಾವನದ ಕಾರಂಜಿ. ಒಪ್ಪಿಗೆ ಪತ್ರಕ್ಕೆ ಎಲ್ಲರ ಮನೆಯಿಂದಲೂ ರುಜು ಬಂತು. ಸುಗ್ರಾಬಿಯದು ಮಾತ್ರ ಬರಲಿಲ್ಲ. ಕೇಳಿದರೆ, "ಅಬ್ಬಾ ನಿಮ್ಮನ್ನೇ ಮನೀಗೆ ಬರಾಕ ಹೇಳ್ಯಾರ್ರಿ ಸರ್," ಅಂದಳು. ಸುಗ್ರಾ ತರಗತಿಯಲ್ಲಿ ಇದ್ದಾಳೋ ಇಲ್ಲವೋ ಅಂತ ಹಾಜರಿ ಕೂಗಿದರೇ ಗೊತ್ತಾಗಬೇಕು, ಅಷ್ಟು ಮೆತ್ತಗಿನ ಹುಡುಗಿ.

ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಬಾಗಿಲ ಹತ್ತಿರವೇ ಮಂಚದ ಮೇಲೆ ಅವಳ ತಂದೆ ಮಸ್ತಾನಸಾಬ್ ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನು. ಸುಣ್ಣದ ಧೂಳು ಎದೆಯಲ್ಲಿ ಕೂತು ಬಿಟ್ಟಿತ್ತು. ಹೆಂಡತಿ ಮಾಬೂಬೀ ಮೂಲೆಯಲ್ಲಿ ಬೀಡಿ ಸುತ್ತುತ್ತಿದ್ದವಳು ತಲೆ ಮೇಲೆ ಸೆರಗೆಳೆದುಕೊಂಡು ಚಹಾಕ್ಕೆ ಎದ್ದಳು.

"ಕೂಡ್ರಿ ಮೇಷ್ಟ್ರೆ. ಮೈಸೂರಾಗೆ ಆ ತೋಟದ ಬಂಗಲೆ ಅಂತ ಐತಲ್ರಿ, ದಿವಾನ್ರದ್ದು, ಅಲ್ಲಿಗೂ ಹೋಗ್ತೀರೇನು?" ಎಂದು ಕೇಳಿದ.

"ಪಟ್ಟಿಯಾಗೆ ಐತೆ. ಯಾಕ?"

"ಹಂಗಾದ್ರೆ ಹುಡುಗೀನ ಕಳಿಸ್ತೀನಿ. ಆ ಬಂಗಲೆಗೆ ಹೋಗಂಗಿಲ್ಲ ಅಂದ್ರೆ ಕಳಿಸಾದಿಲ್ಲ."

ಆಮೇಲೆ ಅವನು ನಿಂತು ನಿಂತು, ಕೆಮ್ಮಿ ಕೆಮ್ಮಿ ಹೇಳಿದ. ಇಪ್ಪತ್ತು ವರ್ಷದವನಿದ್ದಾಗ ತನಗೆ ಕೆಲಸ ಕಲಿಸಿದ ಉಸ್ತಾದ್ ಜೊತೆ ಆ ಬಂಗಲೆಯ ರಿಪೇರಿಗೆ ಹೋಗಿದ್ದನಂತೆ. ಏಳು ತಿಂಗಳು ಅಲ್ಲೇ ಉಳಿದು ನಡುಮನೆಯ ಕಂಬಗಳಿಗೆಲ್ಲ ಗಾರೆಯ ಬಳ್ಳಿ, ಹೂವು, ಎಲೆ ಮಾಡಿದರಂತೆ. ಎಲ್ಲವೂ ಉಸ್ತಾದ್ ಗೀರಿ ತೋರಿಸಿದ ಹಾಗೆಯೇ ಆಗಬೇಕು, ಒಂದೆಲೆ ಅತ್ತಿತ್ತ ಆಗುವಂತಿಲ್ಲ. ಆದರೆ ಕೆಲಸ ಮುಗಿದ ದಿನ ಉಸ್ತಾದ್ ಪ್ರತಿಯೊಬ್ಬನ ಕೈಗೂ ಒಂದೊಂದು ಹಿಡಿ ಹಸಿ ಗಾರೆ ಕೊಡುತ್ತಿದ್ದರು.

"'ಇದು ನಿಮ್ದು. ಮನಿ ಯಜಮಾನಗೆ ಕಾಣದಂಗೆ ಏನು ಬೇಕಾರ ಮಾಡ್ಕಳ್ರಿ' ಅಂತಿದ್ರು. ಅದು ನಮ್ಮ ಉಸ್ತಾದ್ರ ಪದ್ಧತಿ. ನಾನು ಒಂದು ಗಿಳಿ ಮಾಡ್ದೆ. ತೋಟದ ಕಡೆ ಮೂರನೇ ಕಂಬ, ಅದರ ಹಿಂದೆ, ಮಣಕಾಲಿನಷ್ಟು ಎತ್ತರದಾಗೆ. ನಿಂತೋರಿಗೆ ಕಾಣಲ್ಲ, ಕುಕ್ಕರಗಾಲಾಗೆ ಕೂತು ನೋಡ್ಬೇಕು."

"ಆಮೇಲೆ ಒಂದ್ಸಲನೂ ಹೋಗಿ ನೋಡಿಲ್ಲೇನು?"

"ಎಲ್ಲಿ ಹೋಗಾನ್ರಿ! ನಿಮ್ಮ ದಾವಣಗೆರೆ ಪಿ.ಜೆ. ಬಡಾವಣೆಯಾಗೆ ಹನ್ನೊಂದು ಮನಿಗೆ ಕಮಾನು ಮಾಡಿದ್ದೆ. ಒಂದೂ ಉಳಿದಿಲ್ಲ. ಕೆಲವು ಕೆಡವಿದ್ರು, ಕೆಲವಕ್ಕೆ ಸಿಮೆಂಟು ಮೆತ್ತಿದ್ರು. ನನ್ನ ಕೈಯಿಂದ ಆಗಿದ್ದು ಅಂತ ಏನಾರ ಉಳಿದಿದ್ರೆ ಆ ಗಿಳಿ ಒಂದೇ. ಡಾಕ್ಟ್ರು ಬ್ಯಾಸಿಗಿ ದಾಟಲ್ಲ ಅಂದಾರೆ. ಅದು ಐತೋ ಇಲ್ಲೋ ಅಷ್ಟು ಗೊತ್ತಾದ್ರೆ ಸಾಕು. ಮಗಳು ಮುಟ್ಟಿ ನೋಡ್ಕಂಡು ಬರ್ಲಿ."

ಸುಗ್ರಾ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳುತ್ತಿದ್ದಳು. ಮಸ್ತಾನಸಾಬ್ ಅವಳ ಕಡೆ ನೋಡಿ ಕಣ್ಣು ಮಿಟುಕಿಸಿದ. "ಅದನ್ನ ನೋಡಿದ್ರೆ ಇವ್ಳು ನಗ್ತಾಳೆ. ಯಾಕ ಅಂತ ಈಗ ಹೇಳಲ್ಲ," ಅಂದ. ಆಮೇಲೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ನಾನೂ ದೊಡ್ಡ ಮನುಷ್ಯನಂತೆ, "ಚಿಂತಿ ಬಿಡ್ರಿ, ನಾನೇ ಮುಂದೆ ನಿಂತು ತೋರಿಸ್ತೀನಿ," ಎಂದು ಮಾತು ಕೊಟ್ಟು, ಚಹಾ ಕುಡಿದು ಬಂದೆ.

ಮಂಡಿಪೇಟೆಯಿಂದ ತಂದ ಎರಡು ಚೀಲ ಮಂಡಕ್ಕಿ, ಒಂದು ಡಬ್ಬಿ ಖಾರ, ನಲವತ್ತು ಮಕ್ಕಳು, ಡ್ರಿಲ್ ಮೇಷ್ಟ್ರು ಹಾಲೇಶಪ್ಪ, ಹೊಲಿಗೆ ಟೀಚರು ಮತ್ತು ನಾನು, ಇಷ್ಟನ್ನು ಹೊತ್ತುಕೊಂಡು ರಾತ್ರಿ ಬಸ್ಸು ಹರಿಹರ ಬಿಟ್ಟಿತು. ಹುಡುಗರು ದಾವಣಗೆರೆ ದಾಟುವ ಮೊದಲೇ ಅರ್ಧ ಚೀಲ ಮಂಡಕ್ಕಿ ಖಾಲಿ ಮಾಡಿದ್ದರು. ಸುಗ್ರಾ ಅಮ್ಮನ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಅವು ಅವಳ ಕಾಲಿಗೆ ಎರಡು ಬೆರಳು ದೊಡ್ಡವು. ನಡೆಯುವಾಗ ಪಟಪಟ ಸದ್ದಾಗಬಾರದೆಂದು ಬೆರಳು ಮಡಿಸಿ ಹಿಡಿದು ನಡೆಯುತ್ತಿದ್ದಳು.

ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಇಳಿದೆವು. ಬೇಸಿಗೆ ಅರಮನೆಯ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟರು. ಯಾರು ಕಾಯ್ತೀರಿ ಅಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಕಣ್ಣು ಸುಗ್ರಾಳ ಮೇಲೆ ಬಿತ್ತು. ಯಾಕೆ ಬಿತ್ತು ಅನ್ನುವುದನ್ನು ಇಷ್ಟು ವರ್ಷದ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವರ್ತಕರ ಮಗನಿಗೆ ಹೇಳಿದರೆ ಅವನು ಮುಖ ಗಂಟು ಹಾಕುತ್ತಾನೆ, ಆಫೀಸರ ಮಗಳಿಗೆ ಹೇಳಿದರೆ ಅವಳು ಮನೆಗೆ ಹೋಗಿ ಹೇಳುತ್ತಾಳೆ. ಸುಗ್ರಾ ಎದುರಾಡುವುದಿಲ್ಲ. ಅದಕ್ಕೇ ಅವಳು.

"ನೀನು ಕೂಡವ್ವ. ನಿಂಗೆ ಮುಖ್ಯವಾದ್ದು ಸಾಯಂಕಾಲ ಐತೆ," ಅಂದೆ. ಅವಳು ತಲೆಯಾಡಿಸಿದಳು.

ನಾವು ಗೋಡೆಯ ಚಿತ್ರಗಳನ್ನೆಲ್ಲ ನೋಡಿ ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ನಲವತ್ತೆರಡು ಜೊತೆ ಚಪ್ಪಲಿಗಳು ಸಾಲಾಗಿ ಕೂತಿದ್ದವು. ನಾವು ಗುಡ್ಡೆಯಾಗಿ ಬಿಟ್ಟು ಹೋಗಿದ್ದನ್ನು ಅವಳು ಒಂದೊಂದೇ ಜೊತೆ ಹುಡುಕಿ, ಹಾಜರಿ ಪುಸ್ತಕದ ಕ್ರಮದಲ್ಲಿ ಜೋಡಿಸಿದ್ದಳು. ಯಾರ ಚಪ್ಪಲಿ ಯಾವುದು ಅಂತ ಅವಳಿಗೆ ಹೇಗೆ ಗೊತ್ತಿತ್ತೋ ದೇವರೇ ಬಲ್ಲ. ಮೊದಲಿಗೆ ನನ್ನ ಚರ್ಮದ ಚಪ್ಪಲಿ, ಧೂಳು ಒರೆಸಿ ಇಟ್ಟಿದ್ದಳು. ನಾನು ಎಲ್ಲರೆದುರು ಹೊಗಳಿದೆ. ಹಾಲೇಶಪ್ಪ ಚಪ್ಪಾಳೆ ತಟ್ಟಿಸಿದ. ಅವಳ ಮುಖ ಕೆಂಪಾಯಿತು. ಆ ಹೊಗಳಿಕೆಯೇ ಅವಳಿಗೆ ಮುಳುವಾಯಿತು. ಮೈಸೂರಿನ ಅರಮನೆಗೆ ಬಂದಾಗ ನಾನು ಹೇಳುವ ಮೊದಲೇ ಮಕ್ಕಳು, "ಸುಗ್ರಾ ಅದಾಳಲ್ರಿ ಸರ್!" ಎಂದು ಚಪ್ಪಲಿ ಬಿಟ್ಟು ಓಡಿದರು. ಅರಮನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅವಳು ಅದರ ಮುಂದೆ ಒಂದೂವರೆ ಗಂಟೆ ಬೆನ್ನು ಹಾಕಿ ಕೂತಿದ್ದಳು. ಚಪ್ಪಲಿ ಇದ್ದದ್ದು ಇನ್ನೊಂದು ಕಡೆಗೆ.

ತೋಟದ ಬಂಗಲೆ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಊರ ಅಂಚಿನಲ್ಲಿ ಮಾವು, ಸಂಪಿಗೆ, ಗುಲಾಬಿ ಮಡಿಗಳ ನಡುವೆ ಎರಡಂತಸ್ತಿನ ಹಳೇ ಮನೆ. ಚಪ್ಪಲಿ ಬಿಡುವ ಹೊತ್ತಿಗೆ ಸುಗ್ರಾ ನನ್ನ ಹತ್ತಿರ ಬಂದು ನಿಂತಳು.

"ಸರ್, ಇಲ್ಲಿ ನಾನು ಒಳಗೆ ಹೋಗ್ತೀನ್ರಿ. ಅಬ್ಬಾನ ಗಿಳಿ."

"ಗೊತ್ತೈತವ್ವ, ಗೊತ್ತೈತೆ. ಈ ಗದ್ದಲದಾಗ ನೀನೇನು ನೋಡ್ತಿ? ಎಲ್ಲಾರೂ ಬಂದ ಮ್ಯಾಲೆ ನಾನೇ ನಿನ್ನ ಕರ್ಕಂಡು ಹೋಗ್ತೀನಿ. ಆರಾಮಾಗಿ ಕೂತು ನೋಡುವಂತಿ."

ಅವಳನ್ನು ಕಡೆಗಣಿಸಿ ಹೇಳಿದ್ದಲ್ಲ. ನಿಜಕ್ಕೂ ಅದೇ ಒಳ್ಳೆಯದೆಂದು ನನಗೆ ಅನಿಸಿತ್ತು. ಅವಳು ಮೆಟ್ಟಿಲ ಮೇಲೆ ಕೂತಳು. ನಾನು ಮಕ್ಕಳನ್ನು ನಡುಮನೆಗೆ ಕರೆದುಕೊಂಡು ಹೋಗಿ ಪಾಠ ಶುರು ಮಾಡಿದೆ. ದಿವಾನರು, ಕಂಪನಿ ಸರ್ಕಾರ, ಅರಸರ ಪಟ್ಟಾಭಿಷೇಕ, ಎಲ್ಲ ಬಂತು. ಬೇರೆ ಊರಿನಿಂದ ಬಂದ ನಾಲ್ಕಾರು ಜನ ಕೂಡ ನಿಂತು ಕೇಳತೊಡಗಿದರು. ಒಬ್ಬ ಹಿರಿಯರು, "ಎಷ್ಟು ಚೆನ್ನಾಗಿ ಹೇಳ್ತೀರಿ!" ಅಂದರು. ಅಷ್ಟು ಸಾಕಾಯಿತು, ನನಗೆ ಕೊಂಬು ಬಂತು. ಮಾತಾಡುವಾಗ ಒಂದು ಕಂಬಕ್ಕೆ ಕೈ ಊರಿ ನಿಂತಿದ್ದೆ. ಅದು ಎಷ್ಟನೇ ಕಂಬ ಅಂತ ಎಣಿಸಲಿಲ್ಲ. ಎಣಿಸುವುದೇ ಕೆಲಸವಾಗಿದ್ದ ಮನುಷ್ಯ ಅದೊಂದನ್ನು ಎಣಿಸಲಿಲ್ಲ.

ಹೊರಗೆ ಬಂದಾಗ ಐದಾಗಿತ್ತು. ನಮ್ಮ ಹಿಂದೆಯೇ ಕಾವಲುಗಾರ ಬಾಗಿಲು ಎಳೆದು ಬೀಗ ಹಾಕಿದ. ಸುಗ್ರಾ ಎದ್ದು ನಿಂತಿದ್ದಳು. ನಾನು ಕಾವಲುಗಾರನ ಹತ್ತಿರ ಹೋಗಿ, "ಒಂದೆರಡು ನಿಮಿಷ, ಒಬ್ಬಳು ಹುಡುಗಿ," ಅಂದೆ. ಅವನು ಐದರ ಮೇಲೆ ಯಾರನ್ನೂ ಬಿಡುವ ಹಾಗಿಲ್ಲ ಎಂದ. ಮೇಲಿನವರನ್ನು ಕೇಳಿ ನೋಡುತ್ತೇನೆ, ಅವರ ಮನೆ ಹಿಂದುಗಡೆಯೇ ಇದೆ, ಹತ್ತು ನಿಮಿಷ ಕಾಯಬೇಕು ಅಂತಲೂ ಅಂದ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. "ಸರ್, ಕಾರಂಜಿ ಶುರುವಾಗ್ತಾವ್ರಿ!" ಎಂದು ಮಕ್ಕಳು ಕೂಗಿದರು. ಹಾಲೇಶಪ್ಪ ಗಡಿಯಾರ ತೋರಿಸಿದ. ನಾನು ಹತ್ತು ನಿಮಿಷ ಕಾಯಬಹುದಿತ್ತು. ಕಾಯಲಿಲ್ಲ. ಇದನ್ನು ಎಷ್ಟು ಸಲ ತಿರುವಿ ಹಾಕಿ ನೋಡಿದರೂ ತಪ್ಪು ನನ್ನದೇ, ಕಾವಲುಗಾರನದ್ದಲ್ಲ, ಡ್ರೈವರನದ್ದಲ್ಲ.

"ಮುಂದಿನ ಸಲ ಬರೋಣವ್ವ," ಅಂದೆ. ಒಂಬತ್ತನೇ ತರಗತಿ ಮುಗಿದರೆ ಮನೆಯವರು ಓದು ಬಿಡಿಸಲಿದ್ದ ಹುಡುಗಿಗೆ ಯಾವ ಮುಂದಿನ ಸಲ! ಅವಳು ಮುಚ್ಚಿದ ಬಾಗಿಲನ್ನು ಒಂದು ಸಲ ನೋಡಿ, ಅಮ್ಮನ ಚಪ್ಪಲಿಯಲ್ಲಿ ಬೆರಳು ಮಡಿಸಿಕೊಂಡು ಬಸ್ಸಿನ ಕಡೆ ನಡೆದಳು.

ಬೃಂದಾವನದಲ್ಲಿ ಬಣ್ಣದ ನೀರು ಎದ್ದಾಗ ಮಕ್ಕಳೆಲ್ಲ ಹೋ ಎಂದು ಕಿರುಚಿದರು. ಸುಗ್ರಾ ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಹೋಗಿ ಪಕ್ಕ ಕೂತೆ.

"ಸರ್, ನೀವು ಒಳಗೆ ಹೋಗಿದ್ರಲ್ಲ. ನೋಡಿದ್ರೇನ್ರಿ?" ಅಂತ ಕೇಳಿದಳು.

ಇಲ್ಲ ಅಂದೆ.

"ಐತೆ ಅಂತ ಹೇಳ್ತೀನ್ರಿ ಸರ್. ಮುಟ್ಟಿ ನೋಡ್ದೆ ಅಂತೀನಿ. ಇಲ್ಲ ಅಂದ್ರೆ ಅಬ್ಬಾ ತಡಕಣಲ್ಲ. ನೀವು ಹೇಳಬ್ಯಾಡ್ರಿ."

"ಆಗ್ಲವ್ವ," ಅಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣಕ್ಕೆ ನನ್ನ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು.

ಊರಿಗೆ ಬಂದು ಎಂಟು ಹತ್ತು ದಿನವಾಗಿತ್ತು. ಮಸ್ತಾನಸಾಬ್ ಮತ್ತೆ ಹೇಳಿ ಕಳಿಸಿದ. ನಾನು ಹೋದಾಗ ಸುಗ್ರಾ ನಲ್ಲಿಯಿಂದ ನೀರು ತರಲು ಹೋಗಿದ್ದಳು, ಮಾಬೂಬೀ ಸುತ್ತಿದ ಬೀಡಿ ಕೊಡಲು ಹೋಗಿದ್ದಳು. ಅವನು ಆ ಹೊತ್ತನ್ನೇ ನೋಡಿ ಕರೆಸಿದ್ದ ಅಂತ ಆಮೇಲೆ ತಿಳಿಯಿತು. ಅಷ್ಟೇ ದಿನಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು.

"ಮೇಷ್ಟ್ರೆ, ಹುಡುಗಿ ಬರಾದ್ರೊಳಗೆ ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕಬ್ಯಾಡ್ರಿ."

"ಕೇಳ್ರಿ."

"ಬಂದ ದಿನಾನೇ ಹೇಳಿದ್ಲು. ಗಿಳಿ ಐತೆ ಅಬ್ಬಾ, ಮುಟ್ಟಿ ನೋಡ್ದೆ, ಒಂದು ಚೂರೂ ಮುಕ್ಕಾಗಿಲ್ಲ ಅಂದ್ಲು. ಅದರ ಬಾಯಾಗೆ ಏನಿತ್ತವ್ವ ಅಂದೆ. ಹಣ್ಣು ಅಂದ್ಲು." ಅವನು ಉಸಿರು ತೆಗೆದುಕೊಳ್ಳಲು ನಿಂತ. "ಎಲ್ಲಾ ಗಿಳಿಗೂ ಹಣ್ಣೇ ಇರ್ತಾವ್ರಿ. ನಾನು ದಾವಣಗೆರೆಯಾಗೆ ಹುಟ್ಟಿದೋನು. ಏಳು ತಿಂಗಳು ಮೈಸೂರಿನ ಸಪ್ಪೆ ಸಾರು ಉಂಡು ನಾಲಿಗೆ ಸತ್ತು ಹೋಗಿತ್ತು. ನಮ್ಮೂರ ಮಂಡಕ್ಕಿ ಮೆಣಸಿನಕಾಯಿ ಕನಸಿನಾಗೆ ಬರ್ತಿತ್ತು. ಅದಕ್ಕೆ ಗಿಳಿ ಬಾಯಾಗೆ ಒಂದು ಉದ್ದಾನೆ ಮೆಣಸಿನಕಾಯಿ ಇಟ್ಟಿದ್ದೆ. ಉಸ್ತಾದ್ರು ನೋಡಿ ನಕ್ಕೂ ನಕ್ಕೂ ಸಾಕಾದ್ರು. ಇವ್ಳೂ ನಗ್ಲಿ ಅಂತಾನೇ ಮೊದಲು ಹೇಳಿರ್ಲಿಲ್ಲ."

ನಾನು ತಲೆ ತಗ್ಗಿಸಿದೆ.

"ನೋಡಿದ್ರೆ ನಗದೇ ಇರ್ತಿರ್ಲಿಲ್ಲ ಅವ್ಳು. ನನ್ನ ಮಗಳು ನಂಗೆ ಗೊತ್ತಿಲ್ಲೇನ್ರಿ. ಸುಳ್ಳು ಹೇಳೋ ಹುಡುಗಿ ಅಲ್ಲ, ನಾ ನೊಂದೇನು ಅಂತ ಹೇಳ್ಯಾಳೆ. ನೀವೆಲ್ಲಾ ಒಳಗೆ ಹೋದಾಗ ಅವ್ಳು ಎಲ್ಲಿದ್ಲು?"

ಸುಳ್ಳು ಹೇಳಬಹುದಿತ್ತು. ಜ್ವರ ಬಂದಿತ್ತು, ಬಸ್ಸಿನಲ್ಲಿ ಮಲಗಿದ್ದಳು ಅಂತ ಏನಾದರೊಂದು ಹೇಳಬಹುದಿತ್ತು. ಆದರೆ ಆ ಕಣ್ಣುಗಳ ಮುಂದೆ ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಬೆಳಿಗ್ಗೆಯಿಂದ ಅವಳ ಕೈಲಿ ಚಪ್ಪಲಿ ಕಾಯಿಸಿದ್ದು, ಅವಳು ಕೇಳಿದ್ದು, ನಾನು ಆಮೇಲೆ ಅಂದದ್ದು, ನನ್ನ ಪಾಠ, ಬೀಗ, ಕಾಯದೇ ಬಂದ ಹತ್ತು ನಿಮಿಷ. ಅವನು ನನ್ನನ್ನು ಬೈಯಲಿ, ಪಕ್ಕದ ನೀರಿನ ಲೋಟ ಎತ್ತಿ ಮುಖಕ್ಕೆ ಎಸೆಯಲಿ ಅಂತ ಕಾದೆ.

ಮಸ್ತಾನಸಾಬ್ ಮಗಳು ಬಂದಳೇನೋ ಎಂದು ಓಣಿಯ ಕಡೆ ನೋಡಿದ. ಆಮೇಲೆ ಕೇಳಿದ, "ಎಲ್ಲಾರ ಚಪ್ಪಲೀನೂ ಸಿಕ್ಕುವಾ?"

"ಸಿಕ್ಕವು. ನಲವತ್ತೆರಡು ಜೊತೆ. ಒಂದೂ ಹೋಗ್ಲಿಲ್ಲ."

"ಹಂಗಾದ್ರೆ ಕೊಟ್ಟ ಕೆಲಸ ಸರಿಯಾಗಿ ಮಾಡ್ಯಾಳೆ," ಅಂದ.

ನನಗೆ ತಡೆಯಲಾಗಲಿಲ್ಲ. ಈ ಭಾನುವಾರವೇ ಮೈಸೂರಿಗೆ ಹೋಗುತ್ತೇನೆ, ನಾನೇ ಕೂತು ನೋಡಿ ಬಂದು ಹೇಳುತ್ತೇನೆ ಅಂದೆ. ಅವನು ನನ್ನ ಕೈ ಹಿಡಿದ. ಅಂಗೈ ಇನ್ನೂ ಒರಟಾಗಿತ್ತು, ಹಿಡಿತ ಮಾತ್ರ ಇರಲಿಲ್ಲ.

"ಬ್ಯಾಡ್ರಿ. ನೀವು ಹೋಗಿ, ಇಲ್ಲ ಅಂತ ಬಂದು ಹೇಳಿದ್ರೆ ನನ್ನ ಮಗಳ ಮಾತು ಸುಳ್ಳಾಗ್ತದೆ. ಅವ್ಳು ಐತೆ ಅಂದಾಳೆ. ಐತೆ. ನಂಗೆ ಗೊತ್ತಾತು ಅಂತ ಅವ್ಳಿಗೆ ಹೇಳಬ್ಯಾಡ್ರಿ, ಪಾಪ."

ಓಣಿಯಲ್ಲಿ ಸುಗ್ರಾ ಕೊಡ ಹೊತ್ತು ಬರುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಮಸ್ತಾನಸಾಬ್ ಮಂಚದಿಂದಲೇ ದನಿ ಏರಿಸಿ, "ಬಾರವ್ವ, ನಮ್ಮ ಗಿಳಿ ವಿಷಯಾನೇ ಮೇಷ್ಟ್ರಿಗೆ ಹೇಳ್ತಿದ್ದೆ!" ಅಂದ. ಅವಳಿಗೆ ಜೀವ ಬಂತು. ಹೀಗೆ ತಂದೆ ಮಗಳ ನಡುವೆ ಎರಡು ಗುಟ್ಟುಗಳನ್ನು ಇಟ್ಟುಕೊಂಡು ನಾನು ಸಾಯಂಕಾಲದ ಬಸ್ಸಿಗೆ ದಾವಣಗೆರೆಗೆ ಬಂದೆ.

ಡಾಕ್ಟರು ಹೇಳಿದಷ್ಟು ದಿನವೂ ಅವನು ಇರಲಿಲ್ಲ. ಮಾರ್ಚ್ ಮೊದಲ ವಾರ, ವಾರ್ಷಿಕ ಪರೀಕ್ಷೆಗೆ ಇನ್ನೂ ದಿನವಿತ್ತು, ಬೆಳಿಗ್ಗೆ ಶಾಲೆಗೆ ಬಂದ ಕೂಡಲೇ ಸುದ್ದಿ ಸಿಕ್ಕಿತು. ನಾನು, ಹಾಲೇಶಪ್ಪ ಇಬ್ಬರೂ ಹೋದೆವು. ಓಣಿಯ ತುಂಬ ಜನ. ಮನೆಯೊಳಗಿಂದ ಹೆಂಗಸರ ಅಳು ಕೇಳುತ್ತಿತ್ತು. ಜನ ಒಳಗೆ ಹೋಗುತ್ತಿದ್ದರು, ಮುಖ ನೋಡಿ ಹೊರಗೆ ಬರುತ್ತಿದ್ದರು.

ಬಾಗಿಲ ಪಕ್ಕದ ಕಟ್ಟೆಯ ಕೆಳಗೆ ಸುಗ್ರಾ ಕುಕ್ಕರಗಾಲಿನಲ್ಲಿ ಕೂತಿದ್ದಳು. ತಲೆಯ ಮೇಲೆ ಅಮ್ಮನ ಹಳೇ ದುಪಟ್ಟಾ. ಬಂದವರೆಲ್ಲ ಕಂಡಕಂಡಲ್ಲಿ ಬಿಟ್ಟ ಚಪ್ಪಲಿಗಳನ್ನು ಅವಳು ಒಂದೊಂದೇ ಎತ್ತಿ, ಜೊತೆ ಹುಡುಕಿ, ಗೋಡೆಯುದ್ದಕ್ಕೆ ಸಾಲಾಗಿ ಇಡುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕಣ್ಣು ಒಣಗಿತ್ತು. ಕೈ ಮಾತ್ರ ಆಡುತ್ತಿತ್ತು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ, ಒಳಗೂ ಬರುತ್ತಿಲ್ಲ ಎಂದು ಪಕ್ಕದ ಮನೆಯ ರಹಮತ್ ಬೀ ನನಗೆ ಹೇಳಿದಳು.

ನಾನು ಅವಳ ಮುಂದೆ ನಿಂತೆ. ಚಪ್ಪಲಿ ಕಾಲಿನಿಂದ ತೆಗೆಯಲು ಆಗಲಿಲ್ಲ. ಅವಳು ಮೇಲೆ ನೋಡಿದಳು.

"ಬಿಡ್ರಿ ಸರ್. ಒಳಗೆ ಹೋಗಿ ಬರ್ರಿ," ಅಂದಳು. "ನಾನು ನೋಡ್ಕಂತೀನಿ."

ನಾನು ಅಲ್ಲೇ ಮಣ್ಣಿನಲ್ಲಿ ಅವಳ ಪಕ್ಕ ಕೂತುಬಿಟ್ಟೆ. ಇಸ್ತ್ರಿ ಮಾಡಿದ ಪಂಚೆ, ಸುತ್ತ ಓಣಿಯ ಜನ, ಯಾವುದೂ ನೆನಪಾಗಲಿಲ್ಲ. ಅವಳ ಕೈಯಲ್ಲಿದ್ದ ಯಾರದೋ ಹಳೇ ಹವಾಯಿ ಚಪ್ಪಲಿಯನ್ನು ತೆಗೆದುಕೊಂಡೆ.

"ನೀನು ಒಳಗೆ ಹೋಗವ್ವ. ಇವತ್ತು ನಾನು ಕಾಯ್ತೀನಿ."

ಅವಳು ಹೋಗಲಿಲ್ಲ. "ಸರ್, ಅಬ್ಬಾಗೆ ಸುಳ್ಳು ಹೇಳಿದ್ನಲ್ರಿ," ಅಂದಳು, ನನಗಷ್ಟೇ ಕೇಳುವ ಹಾಗೆ.

ಅವನಿಗೆ ಕೊಟ್ಟ ಮಾತು ನೆನಪಿತ್ತು. ಅದನ್ನು ಮುರಿಯುವುದೋ ಉಳಿಸುವುದೋ ತಿಳಿಯದೆ ಒದ್ದಾಡಿದೆ. ಕೊನೆಗೆ ಅವನು ಹೇಳಿದ್ದರಲ್ಲಿ ಅವಳಿಗೆ ಸೇರಬೇಕಾದಷ್ಟನ್ನು ಮಾತ್ರ ಹೇಳಿದೆ.

"ನಿಮ್ಮಪ್ಪ ನನ್ನ ಕೈ ಹಿಡಿದು ಹೇಳಿದ್ರವ್ವ. 'ನನ್ನ ಮಗಳು ಐತೆ ಅಂದಾಳೆ, ಐತೆ' ಅಂದ್ರು."

ಸುಗ್ರಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ದುಪಟ್ಟಾ ಸರಿಮಾಡಿಕೊಂಡು, ಹೊಸ್ತಿಲು ದಾಟಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನ ಅಳುಗಳ ನಡುವಿನಿಂದ ಒಂದು ಹೊಸ ಅಳು ಎದ್ದು ಕೇಳಿತು. ಅವಳ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ.

ಮಸ್ತಾನಸಾಬನನ್ನು ಹೊತ್ತ ಜನಾಜಾ ಓಣಿ ಬಿಟ್ಟು ಹೋಗುವವರೆಗೂ ನಾನು ಅಲ್ಲಿಂದ ಏಳಲಿಲ್ಲ. ಬಂದವರ ಚಪ್ಪಲಿಗಳನ್ನು ಅವಳು ಇಡುತ್ತಿದ್ದ ಹಾಗೆಯೇ ಗೋಡೆಯುದ್ದಕ್ಕೆ ಜೋಡಿಸಿದೆ. ಹಾಲೇಶಪ್ಪ ದೂರ ನಿಂತು ನೋಡುತ್ತಿದ್ದ. ಎಲ್ಲರೂ ಬಂದು ಅವರವರ ಚಪ್ಪಲಿ ಮೆಟ್ಟಿಕೊಂಡು ಹೋದರು. ಒಂದು ಜೊತೆಯೂ ಕಳೆಯಲಿಲ್ಲ.